ಸಹಿಸಲಾಯಿತು

ಜನವರಿ 14

ಇವಳೇ,

ನೀನು ತಂಗಿಯ ಮನೆಗೆ ಹೋಗಿ ಇವತ್ತಿಗೆ ಹನ್ನೆರಡು ದಿನ. ನಾಲ್ಕು ದಿನಕ್ಕೆ ಬರುತ್ತೀಯ ಎಂದುಕೊಂಡೆ, ಆಮೇಲೆ ವಾರಕ್ಕೆ ಎಂದುಕೊಂಡೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಮೇಜಿನ ಮೇಲೆ ಬಿಟ್ಟುಹೋದ ಚೀಟಿಯಲ್ಲಿ "ಫೋನ್ ಮಾಡಬೇಡಿ. ಹೇಳೋದಿದ್ರೆ ಬರೀರಿ. ಬರೆಯೋದು ನಿಮಗೆ ಚೆನ್ನಾಗಿ ಬರುತ್ತಲ್ಲ" ಎಂದು ಗೀಚಿದ್ದೀಯ. ಸರಿ, ಬರೆಯುತ್ತಿದ್ದೇನೆ.

ಆ ರಿಜಿಸ್ಟರುಗಳು ನಿನ್ನ ಕಣ್ಣಿಗೆ ಬೀಳಬಾರದಿತ್ತು, ಬಿದ್ದವು. ಬಿದ್ದ ಮೇಲಾದರೂ ಇದೇನು ಎಂದು ನನ್ನನ್ನು ಒಂದು ಮಾತು ಕೇಳಬಹುದಿತ್ತು. ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಮೂವತ್ತನಾಲ್ಕು ವರ್ಷ ಕೂತವನು ನಾನು. ಸೇರಿದ ಹೊಸದರಲ್ಲಿ ಜನರ ಬೈಗುಳ ತಿಂದು ತಿಂದು ತಲೆ ಕೆಟ್ಟಾಗ ನಮ್ಮ ಹೆಡ್ ಕ್ಲರ್ಕು ಹೇಳಿದ್ದರು: "ಸಿಟ್ಟು ಬಂದ್ರೆ ಬಾಯಿ ಬಿಡಬೇಡ ಕಣಯ್ಯ. ಬರೆದುಬಿಡು. ಪುಸ್ತಕ ಮುಚ್ಚಿದ್ರೆ ಸಿಟ್ಟೂ ಅದರೊಳಗೇ ಮುಚ್ಚಿಹೋಗುತ್ತೆ." ಕಚೇರಿಯಲ್ಲಿ ಆ ಮದ್ದು ಚೆನ್ನಾಗಿ ಕೆಲಸ ಮಾಡಿತು. ಅದಕ್ಕೇ ಮನೆಗೂ ತಂದೆ. ಅಷ್ಟೇ ವಿಷಯ, ಅದಕ್ಕಿಂತ ಹೆಚ್ಚೇನೂ ಇಲ್ಲ.

ಮೂವತ್ತೊಂದು ವರ್ಷದಲ್ಲಿ ನಿನ್ನ ಮೇಲೆ ಒಂದು ಸಲ ದನಿ ಏರಿಸಿದ್ದೇನೆಯೇ? ಪಕ್ಕದ ಮನೆಯವರನ್ನು ಕೇಳು. ಗೋಡೆ ಅಷ್ಟು ತೆಳ್ಳಗಿದ್ದರೂ ನಮ್ಮ ಮನೆಯ ಜಗಳ ಅವರ ಕಿವಿಗೆ ಬಿದ್ದಿಲ್ಲ. ಎಷ್ಟು ಜನ ಗಂಡಂದಿರು ಹೀಗಿದ್ದಾರೆ ಹೇಳು.

ಮಗಳು ಫೋನ್ ಮಾಡಿದ್ದಳು. "ಅಪ್ಪಾ, ಅಮ್ಮನಿಗೆ ಏನ್ ಮಾಡಿದ್ರಿ?" ಎಂದಳು. "ನಾನೇನೂ ಮಾಡಿಲ್ಲಮ್ಮ" ಎಂದೆ. "ಹಾಗಾದ್ರೆ ಅದೇ ಇರಬೇಕು ಬಿಡಿ" ಎಂದಳು. ಅವಳ ಮಾತು ಅರ್ಥವಾಗಲಿಲ್ಲ. ಸಣ್ಣ ಉರಿಯ ಒಲೆ ಹತ್ತುತ್ತಿಲ್ಲ, ಅದಕ್ಕೇನು ಮಾಡಬೇಕು ತಿಳಿಸು.

ಇಂತಿ,
ನಿನ್ನ ಮನೆಯವನು


ಜನವರಿ 23

ರೀ,

ಒಲೆಯ ಬರ್ನರಿನ ತೂತಿನಲ್ಲಿ ಕಸ ಕಟ್ಟಿಕೊಂಡಿರುತ್ತದೆ. ಪಿನ್ನಿನಿಂದ ಚುಚ್ಚಿ. ತಿಂಗಳಿಗೊಮ್ಮೆ ಚುಚ್ಚಬೇಕು. ಇಷ್ಟು ವರ್ಷ ಯಾರು ಚುಚ್ಚುತ್ತಿದ್ದರು ಎಂದು ಯೋಚಿಸಿ.

ನಾನೇನು ನಿಮ್ಮ ಕಪಾಟು ಶೋಧಿಸಲು ಹೋಗಿರಲಿಲ್ಲ. ಇಸ್ತ್ರಿಪೆಟ್ಟಿಗೆ ಕೆಟ್ಟಿತ್ತು, ಅದರ ಗ್ಯಾರಂಟಿ ಕಾರ್ಡು ಹುಡುಕುತ್ತಿದ್ದೆ. ಸಿಕ್ಕಿದ್ದು ನಾಲ್ಕು ದಪ್ಪ ರಿಜಿಸ್ಟರು. ಆಫೀಸಿನ ಹಳೆಯ ಲೆಕ್ಕಪತ್ರ ಎಂದುಕೊಂಡು ತೆರೆದರೆ ನಿಮ್ಮ ಮುತ್ತಿನಂಥ ಅಕ್ಷರ. ನಾಲ್ಕು ಕಾಲಮ್ಮು. ಕ್ರಮ ಸಂಖ್ಯೆ, ದಿನಾಂಕ, ದೂರಿನ ವಿವರ, ತೆಗೆದುಕೊಂಡ ಕ್ರಮ.

"ಎಣ್ಣೆ ಬಾಟಲಿ ಮುಚ್ಚಳ ಸಡಿಲ ಬಿಟ್ಟಿದ್ದಾಳೆ. ಸಹಿಸಲಾಯಿತು." "ವಾರ್ತೆಯ ಹೊತ್ತಿಗೇ ಮಿಕ್ಸಿ ಹಾಕಿದಳು. ಸಹಿಸಲಾಯಿತು." "ಒದ್ದೆ ಟವೆಲು ಮಂಚದ ಮೇಲೆ. ಸಹಿಸಲಾಯಿತು." "ನೆಂಟರ ಮುಂದೆ ಅದೇ ತಮಾಷೆಯನ್ನು ಐದನೇ ಸಲ ಹೇಳಿದಳು. ನಗಲಾಯಿತು."

ನಗಲಾಯಿತಂತೆ! ಆವತ್ತು ನೀವು ನಕ್ಕಿದ್ದು ನನಗೆ ನೆನಪಿದೆ ರೀ. ಆ ನಗು ನೋಡಿಯೇ ನಾನು ಆ ತಮಾಷೆಯನ್ನು ಆರನೇ ಸಲವೂ ಹೇಳಿದ್ದು. ಎರಡು ಸಾವಿರದ ಎಂಟುನೂರ ನಲವತ್ತಾರು ದೂರು. ನೆಲದ ಮೇಲೆ ಕೂತು ಎಲ್ಲವನ್ನೂ ಓದಿದೆ. ಓದಿ ಮುಗಿಸುವ ಹೊತ್ತಿಗೆ ನನ್ನ ಕಾಲೂ ಜೋಮು ಹಿಡಿದಿತ್ತು, ಮನಸ್ಸೂ ಜೋಮು ಹಿಡಿದಿತ್ತು.

ಮೊಸರಲ್ಲಿ ಕಲ್ಲು ಹುಡುಕುವ ಗಂಡಸರು ಬೇಕಾದಷ್ಟು ಜನ ಇದ್ದಾರೆ. ಹುಡುಕಿದ ಕಲ್ಲನ್ನು ಬಾಯಿಂದ ಉಗಿದುಬಿಡುತ್ತಾರೆ, ನಾಲ್ಕು ಮಾತು ಬೈಯುತ್ತಾರೆ, ಮುಗಿಯಿತು. ನೀವು ಒಂದೊಂದಕ್ಕೂ ನಂಬರು ಹಾಕಿ ಜೋಪಾನ ಮಾಡಿದ್ದೀರಿ. ನಾನು ಸುಖವಾಗಿದ್ದೇನೆ ಎಂದುಕೊಂಡಿದ್ದೆ, ನಿಮ್ಮನ್ನೂ ಸುಖವಾಗಿಟ್ಟಿದ್ದೇನೆ ಎಂದುಕೊಂಡಿದ್ದೆ. ನೋಡಿದರೆ ನಾನು ಸಹಿಸಲ್ಪಟ್ಟವಳು.

ಉಳಿದದ್ದು ಹಾಳಾಗಿ ಹೋಗಲಿ. ಮೊದಲ ರಿಜಿಸ್ಟರು, ಕ್ರಮ ಸಂಖ್ಯೆ 611. ಅದನ್ನು ತೆಗೆದು ಓದಿ. ಆ ದಿನ ಏನಾಗಿತ್ತು ಎಂದು ನನಗೆ ಬರೆದು ಕಳಿಸಿ.

ಇಂತಿ,
ನಿಮ್ಮ ದೂರಿನ ವಿವರ


ಫೆಬ್ರವರಿ 1

ಇವಳೇ,

611 ನೋಡಿದೆ. ಇಪ್ಪತ್ತನಾಲ್ಕು ವರ್ಷದ ಹಿಂದೆ, ಆಗಸ್ಟ್ 12. "ಊಟ ತಡ, ಎಂಟೂ ಮುಕ್ಕಾಲು. ಪಲ್ಯಕ್ಕೆ ಉಪ್ಪಿಲ್ಲ. ಸಹಿಸಲಾಯಿತು."

ಆ ದಿನ ಏನಾಗಿತ್ತೆಂದು ಎಷ್ಟು ತಿಣುಕಿದರೂ ನೆನಪಾಗುತ್ತಿಲ್ಲ. ಮಗಳಿಗೆ ಆಗ ನಾಲ್ಕು ವರ್ಷ. ಅವಳಿಗೆ ಜ್ವರ ಬಂದಿತ್ತೇ? ನಿನ್ನ ತಂಗಿಯ ಕಡೆಯಿಂದ ಏನಾದರೂ ಸುದ್ದಿ ಬಂದಿತ್ತೇ? ಅಥವಾ ನಿನ್ನ ಹುಟ್ಟುಹಬ್ಬ ಮರೆತೆನೇ? ಇಲ್ಲ, ಅದು ನವೆಂಬರಿನಲ್ಲಿ. ಹಿಂದಿನ ಮುಂದಿನ ಪುಟಗಳನ್ನೂ ತಿರುವಿದೆ. ಹಿಂದಿನ ದಿನ ಬಾಗಿಲಿನ ಚಿಲಕ ಸರಿ ಹಾಕಿಲ್ಲ ಎಂದಿದೆ, ಅಷ್ಟೇ.

ಒಂದು ಊಟ ತಡವಾದದ್ದನ್ನು ಬರೆದಿದ್ದಕ್ಕೆ ಇಷ್ಟೊಂದು ಕೋಪವೇ? ಕಡ್ಡಿಯನ್ನು ಗುಡ್ಡ ಮಾಡುತ್ತಿದ್ದೀಯ ಎನ್ನಿಸುತ್ತದೆ. ನಾನು ಬೈದಿದ್ದರೆ ನಿನಗೆ ನೋವಾಗುತ್ತಿತ್ತು. ಬೈಯಲಿಲ್ಲ. ನಿನ್ನ ತಪ್ಪುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡೆ. ಅದೂ ತಪ್ಪಾಯಿತೇ? ಮಾತು ಬೆಳ್ಳಿ, ಮೌನ ಬಂಗಾರ ಎಂದು ಸುಮ್ಮನೆ ಹೇಳಿದ್ದಾರೆಯೇ?

ಬರ್ನರಿಗೆ ಪಿನ್ನು ಚುಚ್ಚಿದೆ, ಹತ್ತಿತು. ಆ ದಿನ ಏನಾಗಿತ್ತು, ನೀನೇ ಹೇಳು.

ಇಂತಿ,
ನಿನ್ನ ಮನೆಯವನು


ಫೆಬ್ರವರಿ 12

ರೀ,

ಹೊಟ್ಟೆಗೆ ಹಾಕಿಕೊಂಡಿದ್ದರೆ ಕರಗಿ ಹೋಗಿರುತ್ತಿತ್ತು. ನೀವು ಹಾಕಿದ್ದು ರಿಜಿಸ್ಟರಿಗೆ.

ಆ ದಿನ ಮಧ್ಯಾಹ್ನ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಾನು ಡಾಕ್ಟರ ಹತ್ತಿರ ಹೋಗಿದ್ದೆ. ಮೂರನೇ ತಿಂಗಳು ನಡೆಯುತ್ತಿತ್ತು. ನಿಮಗೆ ಹೇಳಿರಲಿಲ್ಲ. ಖಾತ್ರಿ ಮಾಡಿಕೊಂಡು, ಸಂಜೆ ನೀವು ಚಪ್ಪಲಿ ಬಿಡುವಾಗಲೇ ಹೇಳಿ ನಿಮ್ಮ ಮುಖ ನೋಡಬೇಕೆಂಬ ಆಸೆ ನನಗೆ. ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. "ಮಗುವಿನ ಎದೆಬಡಿತ ಸಿಗ್ತಾ ಇಲ್ಲಮ್ಮ. ಮನೆಯವರು ಬಂದಿದ್ದಾರಾ?" ಎಂದು ಕೇಳಿದರು. "ಆಫೀಸಲ್ಲಿದ್ದಾರೆ" ಎಂದೆ. ಹೊರಗಿನ ಬೆಂಚಿನ ಮೇಲೆ ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಮನೆಗೆ ಬಂದಾಗ ನೀವು ಆಗಲೇ ಬಂದು ಪೇಪರು ಓದುತ್ತಿದ್ದಿರಿ.

ಅಡುಗೆ ಮಾಡಿದೆ. ಉಪ್ಪು ಹಾಕಿದೆನೋ ಇಲ್ಲವೋ, ನಿಮ್ಮ ಪುಸ್ತಕವೇ ಸರಿ ಇರಬೇಕು. "ತಡ ಆಯ್ತು ರೀ" ಎಂದೆ. ನೀವು ನಕ್ಕು "ಪರವಾಗಿಲ್ಲ ಬಿಡು" ಎಂದಿರಿ. ಉಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಬರೆಯಲು ಕೂತಿರಿ. ಆಫೀಸಿನ ಕೆಲಸ ಇರಬೇಕು, ಮುಗಿಯಲಿ, ಆಮೇಲೆ ಹೇಳೋಣ ಎಂದು ನಾನು ಆ ಬಾಗಿಲ ಹೊರಗೆ ನಿಂತಿದ್ದೆ. ಕೈಯಲ್ಲಿ ನಿಮಗೆಂದು ತಂದ ನೀರಿನ ಲೋಟ ಇತ್ತು. ಪೆನ್ನಿನ ಸದ್ದು ಕೇಳುತ್ತಿತ್ತು.

ನೀವು ಬರೆಯುತ್ತಿದ್ದದ್ದು ಅದನ್ನು. ಈ ಜನವರಿಯವರೆಗೂ ನನಗದು ಗೊತ್ತಿರಲಿಲ್ಲ.

ಆ ರಾತ್ರಿ ಹೇಳಲಾಗಲಿಲ್ಲ. ಮುಂದಿನ ವಾರ ನೀವು ತರಬೇತಿಗೆಂದು ಊರು ಬಿಟ್ಟಾಗ ತಂಗಿಯನ್ನು ಕರೆಸಿಕೊಂಡು ಆಸ್ಪತ್ರೆಗೆ ಹೋಗಿಬಂದೆ. ಆಮೇಲೂ ಹೇಳಲಾಗಲಿಲ್ಲ. ಬರಬರುತ್ತಾ ಅದು ಹೇಳುವ ವಿಷಯವಾಗಿಯೇ ಉಳಿಯಲಿಲ್ಲ.

ಇನ್ನು ಬರೆಯಲು ಆಗುತ್ತಿಲ್ಲ.

ಇಂತಿ,
ನಾನು


ಮಾರ್ಚ್ 30

ಇವಳೇ,

ಒಂದೂವರೆ ತಿಂಗಳು ಬರೆಯಲಿಲ್ಲ. ಏಳೆಂಟು ಸಲ ಕೂತೆ. ಪ್ರತಿ ಸಲವೂ "ನಿನ್ನ ಪತ್ರ ತಲುಪಿತು" ಎಂಬಲ್ಲಿಗೇ ಕೈ ನಿಂತುಹೋಗುತ್ತಿತ್ತು. ಕಚೇರಿಯ ಅಭ್ಯಾಸ, ಹಾಳಾದ್ದು.

611ರ ನಂತರ ಏನಿದೆ ಎಂದು ನೋಡಿದೆ. 613 ಹೀಗಿದೆ: "ತರಬೇತಿಯಿಂದ ಬಂದರೆ ಇವಳ ತಂಗಿ ಮನೆಯಲ್ಲಿ ಠಿಕಾಣಿ. ಬಚ್ಚಲಿಗೆ ಕಾಯಬೇಕಾಯಿತು. ಸಹಿಸಲಾಯಿತು." ನೀನು ಹಾಸಿಗೆ ಹಿಡಿದಿದ್ದೆ. ಏನು ಎಂದಿದ್ದಕ್ಕೆ "ಸ್ವಲ್ಪ ಸುಸ್ತು" ಎಂದಿದ್ದೆ. ನಾನು ಬಚ್ಚಲಿನ ಚಿಂತೆಯಲ್ಲಿದ್ದೆ. ಇದನ್ನು ನಿನಗೆ ಬರೆಯುವಾಗ ನನ್ನ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುತ್ತಿಲ್ಲ.

ದೂರು ಕಿಟಕಿಯಲ್ಲಿ ನನ್ನ ಕೆಲಸ ಏನಿತ್ತು ಗೊತ್ತೇ? ಯಾರಾದರೂ ಬಂದು ಕಿಟಕಿಯ ಹಲಗೆ ಗುದ್ದಿದರೆ ಮೊದಲು "ಕೂತ್ಕೊಳ್ಳಿ, ಏನಾಯ್ತು ಹೇಳಿ" ಎನ್ನಬೇಕು. ದಿನಕ್ಕೆ ನಲವತ್ತು ಜನಕ್ಕೆ ಹೇಳುತ್ತಿದ್ದೆ. ನಲ್ಲಿಯಲ್ಲಿ ನೀರು ಬರಲಿ ಬಿಡಲಿ, ಅಷ್ಟು ಕೇಳಿದ್ದಕ್ಕೇ ಅರ್ಧ ಜನ ತಣ್ಣಗಾಗಿ ಹೋಗುತ್ತಿದ್ದರು. ನಿವೃತ್ತಿಯ ದಿನ ಅದನ್ನೇ ಹೇಳಿ ನನಗೆ ಹಾರ ಹಾಕಿದರು. ಊರಿಗೆ ಉಪಕಾರಿ, ಮನೆಗೆ ಮಾರಿ. ಸಂಜೆ ಐದೂವರೆಗೆ ಕಿಟಕಿ ಮುಚ್ಚಿ ಬಂದವನು ಮನೆಯಲ್ಲಿ ಒಂದು ದಿನ ಆ ಮಾತು ಕೇಳಲಿಲ್ಲ. ಆ ದಿನ ಊಟ ತಡವಾಯಿತು ಎಂದು ಗಡಿಯಾರ ನೋಡಿದೆ. ಯಾಕೆ ತಡವಾಯಿತು ಎಂದು ನಿನ್ನ ಮುಖ ನೋಡಲಿಲ್ಲ.

ನನ್ನ ತಪ್ಪು ಉಪ್ಪು ಬರೆದದ್ದಲ್ಲ, ಈಗ ಗೊತ್ತಾಗುತ್ತಿದೆ. ನಿನ್ನ ಹತ್ತಿರ ಆಡಬೇಕಾದ್ದನ್ನೆಲ್ಲ ಆ ಪುಸ್ತಕದ ಹತ್ತಿರ ಆಡಿದೆ. ಸಣ್ಣ ಸಿಟ್ಟನ್ನು ನಿನಗೆ ಹೇಳಲಿಲ್ಲ, ಹಾಗಾಗಿ ನಿನ್ನ ದೊಡ್ಡ ದುಃಖವೂ ನನ್ನ ಹತ್ತಿರ ಬರಲಿಲ್ಲ. ಕ್ಷಮಿಸು ಎನ್ನಲು ನಾಲಿಗೆ ಏಳುತ್ತಿಲ್ಲ, ಆದರೂ ಕ್ಷಮಿಸು.

ಈಗ ಮನೆಯಲ್ಲಿ ಎಲ್ಲ ಮುಚ್ಚಳವೂ ಬಿಗಿಯಾಗಿದೆ. ವಾರ್ತೆಯ ಹೊತ್ತಿಗೆ ಯಾವ ಸದ್ದೂ ಇಲ್ಲ. ಮಂಚದ ಮೇಲೆ ಟವೆಲು ಇಲ್ಲ. ಈ ಮನೆಯಲ್ಲಿ ಇರಲು ನನ್ನಿಂದ ಆಗುತ್ತಿಲ್ಲ ಕಣೇ. ಬಾ.

ನಿನ್ನವನು


ಏಪ್ರಿಲ್ 9

ರೀ,

ಕಾಗದ ಓದಿದೆ. ತಂಗಿಯೂ ಓದಿದಳು, ಕೇಳದೆ ಕಿತ್ತುಕೊಂಡು ಓದಿದಳು. "ಭಾವ ಇಷ್ಟು ಮಾತಾಡ್ತಾರಾ ಅಕ್ಕಾ?" ಎಂದು ಬೆರಗಾದಳು. ನನಗೂ ಅದೇ ಬೆರಗು.

ಈ ಮನೆಯ ಕಥೆ ಹೇಳುತ್ತೇನೆ ಕೇಳಿ. ಕೆಳಗೆ ಹೊಲಿಗೆ ಅಂಗಡಿ, ಮೇಲೆ ಎರಡು ಕೋಣೆ. ಶಾಲೆ ಮಕ್ಕಳ ಅಂಗಿ ಚಡ್ಡಿ ರಾಶಿ ಬಿದ್ದಿದೆ. ಕಾಜಾ ಮಾಡಿ ಗುಂಡಿ ಹಚ್ಚುವುದು ಈಗ ನನ್ನ ಪಾಲಿನ ಕೆಲಸ. ಬೆಳಗಾದರೆ ತಂಗಿಯ ಗಂಡನ ಕೂಗಾಟ ಶುರು. "ನನ್ನ ಕತ್ತರಿ ಮುಟ್ಟಬೇಡ ಅಂತ ಎಷ್ಟು ಸಲ ಹೇಳ್ಲಿ ನಿಂಗೆ!" ಇವಳು ಬಿಡುತ್ತಾಳೆಯೇ? "ಹೊತ್ಕೊಂಡು ತಿರುಗು ನಿನ್ನ ಕತ್ತರೀನ!" ಮೊದಲ ವಾರ ನಾನು, ಇವತ್ತು ಇವರ ಸಂಸಾರ ಮುಗಿಯಿತು ಎಂದುಕೊಳ್ಳುತ್ತಿದ್ದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಒಂದೇ ತಟ್ಟೆಯಲ್ಲಿ ಇಬ್ಬರೂ ತಿನ್ನುತ್ತಿರುತ್ತಾರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಶುರುವೇ ಆಗಲಿಲ್ಲ, ಅದಕ್ಕೇ ಮುಗಿಯಲೂ ಇಲ್ಲ.

ನಿಮ್ಮ ಮೇಲೆ ನನಗೂ ಬೇಜಾರು ಇರಲಿಲ್ಲವೇ? ರಾಶಿ ಇತ್ತು. ಚಹಾ ಕುಡಿಯುವಾಗ ನೀವು ಸೊರ್ ಎನ್ನುತ್ತೀರಿ, ಬೀಗ ಹಾಕಿ ಮೂರು ಸಲ ಜಗ್ಗುತ್ತೀರಿ, ಪೇಪರನ್ನು ನಾನು ಮೊದಲು ತೆರೆದರೆ ಮುಖ ಸಣ್ಣಗಾಗುತ್ತದೆ. ಎಲ್ಲವನ್ನೂ ತಂಗಿಗೆ ಫೋನಿನಲ್ಲಿ ಹೇಳಿ ನಕ್ಕುಬಿಡುತ್ತಿದ್ದೆ. ನಕ್ಕ ಮೇಲೆ ಅದು ಅಲ್ಲಿಗೆ ಮುಗಿಯುತ್ತಿತ್ತು. ಬೀಗ ಜಗ್ಗುವುದನ್ನು ಈಚೆಗೆ ನಾನೂ ಕಲಿತಿದ್ದೇನೆ.

ಇನ್ನೊಂದು ಮಾತು. ಆ ದಿನ ನಿಮ್ಮ ಕೋಣೆಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಬರೀ ಮುಂದೆ ಮಾಡಿತ್ತು. ತಳ್ಳಿದ್ದರೆ ತೆರೆಯುತ್ತಿತ್ತು. ಇದು ನನ್ನ ಪಾಲಿನದು, ನಿಮ್ಮ ತಲೆಗೆ ಕಟ್ಟುವುದಿಲ್ಲ.

ಇಪ್ಪತ್ತೊಂದನೇ ತಾರೀಕು ಭಾನುವಾರ, ಅಂಗಡಿಗೆ ರಜ. ಬನ್ನಿ. ಎದುರು ಕೂತು ಮಾತಾಡೋಣ.

ಇಂತಿ,
ನಿಮ್ಮ ಮನೆಯವಳು


ಏಪ್ರಿಲ್ 21, ಭಾನುವಾರ

ಇವಳೇ,

ಈಗ ತಾನೇ ಬಸ್ಸಿಳಿದು ಬಂದೆ. ಅಂಗಿ ಕೂಡ ಬದಲಿಸಿಲ್ಲ.

ಎರಡು ಗಂಟೆ ಕೂತಿದ್ದೆ. ಏನು ಮಾತಾಡಿದೆ? ಬಸ್ಸು ರಶ್ಶಿರಲಿಲ್ಲ ಎಂದೆ. ಊಟ ಚೆನ್ನಾಗಿದೆ ಎಂದೆ. ಷಡ್ಡಕ ಹೊಸ ಮೆಷಿನ್ನು ತೋರಿಸಿದಾಗ ಅದರ ಮೋಟಾರಿನ ಬಗ್ಗೆ ವಿಚಾರಿಸಿದೆ. ಅವರಿಬ್ಬರೂ ಬೇಕೆಂದೇ ಎದ್ದು ಹೋದ ಮೇಲೆ ನೀನು ಗುಂಡಿ ಹಚ್ಚುತ್ತಾ ಕೂತೆ. ನಾನು ನಿನ್ನ ಸೂಜಿ ಹೋಗಿಬರುವುದನ್ನು ನೋಡುತ್ತಾ ಕೂತೆ. "ಏನಾದ್ರೂ ಹೇಳೋದಿತ್ತಾ?" ಎಂದು ನೀನೇ ಕೇಳಿದೆ. "ಏನಿಲ್ಲ, ಸುಮ್ಮನೆ ಬಂದೆ" ಎಂದೆ. ಮೂರು ಗಂಟೆ ಬಸ್ಸಿನಲ್ಲಿ ಕೂತು ಸುಮ್ಮನೆ ಬಂದೆನಂತೆ! ನನ್ನ ನಾಲಿಗೆಗೆ ಬೆಂಕಿ ಬೀಳ.

ವಾಪಸು ಬಸ್ಸು ಹತ್ತಿ ಮೊದಲ ತಿರುವು ದಾಟಿದ್ದೇ ತಡ, ಮಾತು ದಬದಬನೆ ಬಂತು. ಪಕ್ಕದಲ್ಲಿದ್ದವರು ನನ್ನ ತುಟಿ ಅಲ್ಲಾಡುವುದನ್ನು ನೋಡಿ ಸ್ವಲ್ಪ ಆಚೆ ಸರಿದು ಕೂತರು.

ಹೇಳಬೇಕೆಂದಿದ್ದದ್ದು ಇಷ್ಟು. ನೀನು ಸೊರಗಿದ್ದೀಯ. ಕನ್ನಡಕದ ನಂಬರು ಬದಲಾಗಿದೆ, ದಾರ ಪೋಣಿಸಲು ಕಷ್ಟಪಡುತ್ತಿದ್ದೀಯ. ಆ ಮಗು ಇದ್ದಿದ್ದರೆ ಈಗ ಇಪ್ಪತ್ತಮೂರು ದಾಟಿರುತ್ತಿತ್ತು, ದಿನಾ ಲೆಕ್ಕ ಹಾಕುತ್ತೇನೆ. ನಿನ್ನನ್ನು ಆ ಬೆಂಚಿನ ಮೇಲೆ ಒಬ್ಬಳನ್ನೇ ಕೂರಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಮನೆಗೆ ಹೋಗೋಣ ನಡಿ ಎಂದು ನಿನ್ನ ಕೈ ಹಿಡಿಯಬೇಕೆಂದೇ ಬಂದಿದ್ದೆ. ಹಿಡಿಯಲಿಲ್ಲ. ಮತ್ತೆ ನಿಜ ಹೇಳುತ್ತೇನೆ, ಅಲ್ಲಿನ ಫ್ಯಾನಿನ ಕಟಕಟ ಕೇಳಿ ತಲೆ ಚಿಟ್ಟು ಹಿಡಿಯಿತು.

ಎದುರಿಗಿದ್ದಾಗ ಬಾಯಿಗೆ ಬಾರದ್ದು ಕಾಗದದಲ್ಲಿ ಹೇಗೆ ಬರುತ್ತದೋ. ಇದ್ಯಾವ ಶಾಪವೋ ನನಗೆ.

ನಿನ್ನವನು


ಮೇ 6

ರೀ,

ಕೂಡಲೇ ಉತ್ತರ ಬರೆಯಬೇಕಿತ್ತು. ಮನಸ್ಸು ಗಟ್ಟಿಯಾಗಲಿ ಎಂದು ಕಾದೆ.

ನೀವು ಬರುವ ಹಿಂದಿನ ದಿನ ನಾನು ಬ್ಯಾಗು ತುಂಬಿಸಿ ಇಟ್ಟಿದ್ದೆ. ಸೀರೆ, ಮಾತ್ರೆ, ಚಾರ್ಜರು, ಎಲ್ಲ. ನೀವು ಕೂತ ಕುರ್ಚಿಗೂ ಮಂಚಕ್ಕೂ ನಡುವೆ, ನೆಲದ ಮೇಲೇ ಇತ್ತು. ನೀವು ನೋಡಲಿಲ್ಲ. ಅವರ ಮನೆಯ ಸಾಮಾನು ಎಂದುಕೊಂಡಿರಬೇಕು. ತಂಗಿ ದಾರಿಗೆಂದು ಬುತ್ತಿ ಕೂಡ ಇಬ್ಬರಿಗೆ ಕಟ್ಟಿದ್ದಳು.

ಫ್ಯಾನಿನ ಸದ್ದಿಗೆ ನಿಮ್ಮ ಹುಬ್ಬು ಗಂಟಾದದ್ದು ಕಾಣಿಸಿತು. "ಆಫ್ ಮಾಡ್ಲಾ ರೀ?" ಎಂದೆ. "ಛೆ, ಛೆ, ಇರಲಿ" ಎಂದು ನಕ್ಕಿರಿ. ನಗುತ್ತಲೇ ಕೈ ಜೇಬಿನ ಪೆನ್ನಿಗೆ ಹೋಯಿತು. ನಿಮಗೇ ಗೊತ್ತಿಲ್ಲ, ಆದರೆ ಹೋಯಿತು. ಆ ಗಳಿಗೆ ನಾನು ಬ್ಯಾಗನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದೆ. "ಈ ದರಿದ್ರ ಫ್ಯಾನು ಆರಿಸೇ ಮಾರಾಯ್ತಿ" ಎಂದು ಒಂದು ಸಲ ರೇಗಿದ್ದರೂ ಸಾಕಿತ್ತು, ನಿಮ್ಮ ಹಿಂದೆಯೇ ಬಂದುಬಿಡುತ್ತಿದ್ದೆ.

ನಾನು ಬರುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ. ಸಿಟ್ಟು ಮಾರ್ಚಿನ ಕಾಗದದಲ್ಲೇ ಹೋಯಿತು. ಕಾಗದದಲ್ಲಿ ನೀವು ಎಷ್ಟು ಒಳ್ಳೆಯ ಗಂಡ ರೀ! ಬೈಯುತ್ತೀರಿ, ಅಳುತ್ತೀರಿ, ಕ್ಷಮೆ ಕೇಳುತ್ತೀರಿ, ಕಣೇ ಎನ್ನುತ್ತೀರಿ. ಇಷ್ಟು ವರ್ಷ ಕಾದ ಗಂಡ ಈಗ ಅಂಚೆಯಲ್ಲಿ ಬರುತ್ತಿದ್ದಾನೆ. ನಾನು ಆ ಮನೆಗೆ ಬಂದ ಮರುದಿನವೇ ಅವನು ಕಾಣೆಯಾಗಿ, ನಗುತ್ತಾ ಸಹಿಸುವವನು ಬಂದು ಕೂರುತ್ತಾನೆ ಎಂಬ ಭಯ ನನಗೆ. ಅವನ ಜೊತೆ ಇನ್ನೊಂದು ದಿನವೂ ನನ್ನಿಂದಾಗದು.

ಹೀಗೇ ಇರೋಣ. ನೀವು ಬರೆಯಿರಿ, ನಾನು ಓದುತ್ತೇನೆ.

ಇಂತಿ,
ನಿಮ್ಮವಳು


ಮೇ 11, ಶನಿವಾರ

ಎಂಥ ಹೆಂಗಸೇ ನೀನು!

ಬ್ಯಾಗು ತುಂಬಿಸಿ ನನ್ನ ಕಾಲ ಬಳಿ ಇಟ್ಟು, ಬಾಯಿ ಬಿಡದೆ ಗುಂಡಿ ಹಚ್ಚುತ್ತಾ ಕೂತೆಯಾ? ಪರೀಕ್ಷೆ ಇಟ್ಟಿದ್ದೆಯಾ ನನಗೆ? ನಾನು ಕುರುಡ, ಒಪ್ಪಿದೆ. ಕುರುಡನಿಗೆ ಕಣ್ಸನ್ನೆ ಮಾಡಿದರೆ ಏನು ಭಾಗ್ಯ ಬಂತು? "ಬ್ಯಾಗು ರೆಡಿ ಇದೆ ರೀ" ಎಂಬ ನಾಲ್ಕು ಪದಕ್ಕೆ ನಿನ್ನ ಗಂಟೇನು ಹೋಗುತ್ತಿತ್ತು? ಬುತ್ತಿ ಕೂಡ ಕಟ್ಟಿತ್ತಂತೆ! ನಾನು ದಾರಿಯುದ್ದಕ್ಕೂ ಖಾಲಿ ಸೀಟಿನ ಪಕ್ಕ ಕೂತು ಬಂದೆ.

ಇನ್ನೂ ಇದೆ, ಕೇಳು. ಆ ಮಗು ನಿನ್ನೊಬ್ಬಳದಲ್ಲ. ನಾನು ಪಾಪಿ, ಬಾಗಿಲು ಮುಂದೆ ಮಾಡಿಕೊಂಡೆ. ಆದರೆ ಆ ರಾತ್ರಿ ತಪ್ಪಿತು ಸರಿ, ಮರುದಿನ ಇರಲಿಲ್ಲವೇ? ಮರುವರ್ಷ? ಇಪ್ಪತ್ತನಾಲ್ಕು ವರ್ಷ ಅದನ್ನು ಒಬ್ಬಳೇ ಇಟ್ಟುಕೊಂಡೆ. ಅಳುವುದಕ್ಕೆ ನನ್ನನ್ನೂ ಕರೆಯಬೇಕಿತ್ತು. ಈಗ ನಾನು ಅತ್ತರೆ ಸಮಾಧಾನ ಮಾಡಲು ಮನೆಯಲ್ಲಿ ಯಾರಿದ್ದಾರೆ? ನಾನು ಬರೆದು ಮುಚ್ಚಿಟ್ಟೆ, ನೀನು ಬರೆಯದೇ ಮುಚ್ಚಿಟ್ಟೆ. ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಅಕ್ಷರ ನೋಡು, ಮುತ್ತಿನಂತಿದೆಯೇ?

ಹೀಗೇ ಇರೋಣ ಎನ್ನುತ್ತೀಯ. ಇನ್ನು ಎಷ್ಟು ವರ್ಷ ಇದೆ ನಮಗೆ, ಅದನ್ನೂ ಅಂಚೆಪೆಟ್ಟಿಗೆಗೆ ಹಾಕುವುದಕ್ಕೆ? ಇದನ್ನು ಬರೆದು ಕಳಿಸಿದರೆ ನನ್ನ ಸಿಟ್ಟು ಇಳಿಯುತ್ತದೆ, ನೀನು ಓದಿ ಮಡಿಸಿ ಇಡುತ್ತೀಯ, ಮತ್ತೆ ಅದೇ ಕಥೆ.

ನಾಳೆ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದೇನೆ. ನಿನ್ನ ಎದುರು ನಿಂತು ಇಷ್ಟನ್ನೂ ಬಾಯಿಬಿಟ್ಟು ಬೈಯುತ್ತೇನೆ. ನೀನೂ ಬೈ. ನನ್ನ ಬಾಯಿ ಮತ್ತೆ ಕಟ್ಟಿದರೆ, ಈ ಕಾಗದ ಬಿಚ್ಚಿ ಮೊದಲ ಸಾಲಿನಿಂದ ಗಟ್ಟಿಯಾಗಿ ಓದುತ್ತೇನೆ. ನಿನ್ನ ತಂಗಿ ಕೇಳಲಿ, ಷಡ್ಡಕ ಕೇಳಲಿ, ಬೀದಿಯೇ ಕೇಳಲಿ. ಅದಕ್ಕೇ ಇದಕ್ಕೆ ಸ್ಟಾಂಪು ಹಚ್ಚಿಲ್ಲ.

ನಿನ್ನ ಗಂಡ